ಅಜ್ಜಿ ಮನೆಯಲ್ಲಿದ್ದಾಳೆ, ಮಗು ಅನಾಥಾಲಯದಲ್ಲಿದೆ

2007ರ ಅಕ್ಟೋಬರ್ ಕೊನೆಯ ವಾರ. ಚಾಡ್ ದೇಶದ ಪೂರ್ವಕ್ಕಿರುವ ಅಬೇಶೆ ಪಟ್ಟಣದಿಂದ 103 ಮಕ್ಕಳನ್ನು ಫ್ರಾನ್ಸಿಗೆ ಕರೆದೊಯ್ಯಲು ವಿಮಾನವೊಂದು ಸಿದ್ಧವಾಗಿತ್ತು. ಒಂದು ವರ್ಷದ ಕೂಸಿನಿಂದ ಹಿಡಿದು ಹತ್ತು ವರ್ಷದವರ ತನಕ ಎಲ್ಲರೂ ಆ ಗುಂಪಿನಲ್ಲಿದ್ದರು. ಹಲವು ಮಕ್ಕಳ ಕೈಗೆ, ತಲೆಗೆ ಬಿಳಿ ಬ್ಯಾಂಡೇಜು ಸುತ್ತಿತ್ತು. ಬ್ಯಾಂಡೇಜಿನ ಕೆಳಗೆ ಗಾಯ ಇರಲಿಲ್ಲ. ಪಕ್ಕದ ಸುಡಾನಿನ ಡಾರ್ಫುರ್ ಯುದ್ಧದಲ್ಲಿ ಅನಾಥರಾದ ಮಕ್ಕಳು ಇವರು ಎಂದು ತೋರಿಸಲು ಹಾಗೆ ಸುತ್ತಲಾಗಿತ್ತು. ಲಾರ್ಶ್ ದ ಜೋಯೆ ಎಂಬ ಫ್ರೆಂಚ್ ಸೇವಾ ಸಂಸ್ಥೆಯವರನ್ನು ಚಾಡ್ ಪೊಲೀಸರು ವಿಮಾನ ಏರುವ ಮೊದಲೇ ತಡೆದರು.

ಆಮೇಲೆ ವಿಶ್ವಸಂಸ್ಥೆಯವರೂ ರೆಡ್‌ಕ್ರಾಸ್‌ನವರೂ ಆ ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿದರು. 103ರಲ್ಲಿ 91 ಮಕ್ಕಳು ತಾವು ಅಪ್ಪ ಅಥವಾ ಅಮ್ಮ ಎಂದು ಕರೆಯುವ ಒಬ್ಬ ದೊಡ್ಡವರ ಜೊತೆಯಲ್ಲೇ ಬಾಳುತ್ತಿದ್ದರು. ಹೆಚ್ಚಿನವರು ಗಡಿಯ ಈಚೆಗಿನ, ಚಾಡಿನದೇ ಹಳ್ಳಿಗಳವರು. ಮಕ್ಕಳನ್ನು ಪಟ್ಟಣದಲ್ಲಿ ಓದಿಸುತ್ತಾರೆ ಎಂದು ನಂಬಿ ಮನೆಯವರು ಕಳಿಸಿಕೊಟ್ಟಿದ್ದರು. ಸಂಸ್ಥೆಯ ಆರು ಮಂದಿಗೆ ಡಿಸೆಂಬರ್‌ನಲ್ಲಿ ಎಂಟು ವರ್ಷಗಳ ಕಠಿಣ ಶಿಕ್ಷೆಯಾಯಿತು, ಮುಂದಿನ ಮಾರ್ಚ್‌ನಲ್ಲಿ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು. ಮಕ್ಕಳು ಮಾತ್ರ ಆ ತಿಂಗಳುಗಳನ್ನೆಲ್ಲ ಅಬೇಶೆಯ ಅನಾಥಾಲಯದಲ್ಲಿ ಕಳೆದರು, ಮನೆಯವರು ಒಂದು ದಿನದ ದಾರಿಯಾಚೆ ಇದ್ದರೂ.

ಆಫ್ರಿಕಾದ ಅನಾಥ ಮಕ್ಕಳ ವಿಷಯ ಬಂದಾಗಲೆಲ್ಲ ನನಗೆ ಆ ಬ್ಯಾಂಡೇಜು ನೆನಪಾಗುತ್ತದೆ. ಫ್ರಾನ್ಸಿನಲ್ಲಿ ಆ ಮಕ್ಕಳಿಗಾಗಿ ಕಾದು ಕೂತಿದ್ದ ಕುಟುಂಬಗಳಲ್ಲಿ ಕೆಟ್ಟ ಮನಸ್ಸಿನವರು ಇದ್ದರೆಂದು ನಾನು ನಂಬುವುದಿಲ್ಲ. ಮಗುವಿಗೆ ಯಾರೂ ಇಲ್ಲ ಎಂದು ಒಮ್ಮೆ ಮನಸ್ಸಿಗೆ ಬಂದರೆ ಸಾಕು, ಯಾರಾದರೂ ಇದ್ದಾರೆಯೇ ಎಂದು ಕೇಳುವುದೇ ನಿಂತುಹೋಗುತ್ತದೆ. ಆ ಖಂಡದಲ್ಲಿ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ನಡೆದ ದೊಡ್ಡ ತಪ್ಪುಗಳೆಲ್ಲ ಹುಟ್ಟಿದ್ದು ಹೀಗೆ ಕೇಳದೆ ಬಿಟ್ಟದ್ದರಿಂದ.

ಮೊದಲು ಲೆಕ್ಕವನ್ನು ನೋಡೋಣ. ಯುನಿಸೆಫ್‌ನ ವ್ಯಾಖ್ಯೆಯಂತೆ 18 ತುಂಬುವ ಮೊದಲು ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡರೂ ಆ ಮಗು ಅನಾಥವೇ. ಏಡ್ಸ್‌ನಿಂದ ಹೀಗೆ ಅನಾಥರಾದ ಮಕ್ಕಳು ಜಗತ್ತಿನಲ್ಲಿ ಸುಮಾರು 1.4 ಕೋಟಿ. ಅವರಲ್ಲಿ ಬಹುಪಾಲು ಸಹಾರಾದ ದಕ್ಷಿಣಕ್ಕಿರುವ ದೇಶಗಳವರು. ಸಾವಿನ ವಿಸ್ತಾರವನ್ನು ಅಳೆಯಲು ಈ ವ್ಯಾಖ್ಯೆ ಬೇಕಿತ್ತು, ಸರಿ. ಆದರೆ ಅದು ಪತ್ರಿಕೆಗೆ, ದೇಣಿಗೆಯ ಕರಪತ್ರಕ್ಕೆ ಇಳಿದಾಗ ಅರ್ಥ ಬದಲಾಗುತ್ತದೆ. ಕನ್ನಡದಲ್ಲಿ ಅನಾಥ ಎಂದರೆ ದಿಕ್ಕುದೆಸೆ ಇಲ್ಲದವರು. ಅಪ್ಪ ತೀರಿಕೊಂಡು ಅಮ್ಮ ಕೂಲಿನಾಲಿ ಮಾಡಿ ಸಾಕುತ್ತಿರುವ ಮಗುವನ್ನು ನಾವು ಅನಾಥ ಎನ್ನುವುದಿಲ್ಲ, ‘ಅಪ್ಪ ಇಲ್ಲದ ಮಗು’ ಎನ್ನುತ್ತೇವೆ. ಅಜ್ಜಿ ಮನೆಯಲ್ಲಿ ಬೆಳೆದವರಂತೂ ನಮ್ಮಲ್ಲಿ ಪ್ರತಿ ಬೀದಿಗೂ ಸಿಗುತ್ತಾರೆ. ಉಗಾಂಡಾದ ಲುಗಾಂಡಾ ಭಾಷೆಯಲ್ಲಿ ಇಂಥ ಮಗುವಿಗೆ ‘ಮುಲೇಕ್ವ’ ಎನ್ನುತ್ತಾರೆ, ಬಿಟ್ಟುಹೋಗಲ್ಪಟ್ಟವರು ಎಂದು ಅರ್ಥ. ಸ್ವಾಹಿಲಿಯಲ್ಲಿ ‘ಯತೀಮಾ’. ನಮ್ಮ ಊರುಗಳ ಯತೀಂಖಾನೆಯ ಹೆಸರಿನಲ್ಲಿರುವುದೂ ಅದೇ ಅರಬ್ಬೀ ಪದ. ಇವೆಲ್ಲ ನಷ್ಟವನ್ನು ಹೇಳುವ ಪದಗಳು. ಮಗುವಿಗೆ ಇನ್ನು ಯಾರೂ ಉಳಿದಿಲ್ಲ ಎಂದು ಅವು ಹೇಳುವುದಿಲ್ಲ.

ಯಾರಾದರೂ ಉಳಿದಿರುತ್ತಾರೆ ಎಂಬುದಕ್ಕೆ 2014ರಿಂದ 2016ರ ತನಕ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳನ್ನು ಹಿಂಡಿದ ಎಬೋಲಾಕ್ಕಿಂತ ಕಠಿಣವಾದ ಪರೀಕ್ಷೆ ಬೇಕಿಲ್ಲ. ಮುಟ್ಟಿದರೆ ಸಾವು ಎಂಬ ರೋಗ. ಸತ್ತವರ ಮನೆಯ ಮಗುವನ್ನು ನೆರೆಯವರು ಹತ್ತಿರ ಸೇರಿಸಲೂ ಹೆದರುತ್ತಿದ್ದರು. ಮಗುವಿಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು 21 ದಿನ ಕಾಯಬೇಕು. ಎರಡು ವರ್ಷದ ಮಗುವನ್ನು ಎತ್ತಿಕೊಳ್ಳದೆ 21 ದಿನ ಸಾಕುವುದು ಹೇಗೆ? ಅದಕ್ಕೆ ಅಲ್ಲಿನವರು ಕಂಡುಕೊಂಡ ದಾರಿ ಇದು: ಎಬೋಲಾ ಬಂದು ಬದುಕಿ ಉಳಿದವರ ಮೈಯಲ್ಲಿ ಆ ರೋಗವನ್ನು ತಡೆಯುವ ಶಕ್ತಿ ಇರುತ್ತದೆ. ಅಂಥವರನ್ನು ತಾತ್ಕಾಲಿಕ ಆರೈಕೆ ಕೇಂದ್ರಗಳಿಗೆ ಕರೆತಂದರು. ಅವರು ಆ ಮಕ್ಕಳನ್ನು ಎತ್ತಿಕೊಂಡರು, ಸ್ನಾನ ಮಾಡಿಸಿದರು, ಪಕ್ಕದಲ್ಲಿ ಮಲಗಿಸಿಕೊಂಡರು. ತಮ್ಮ ಮನೆಯಲ್ಲೂ ಹೆಣ ಎತ್ತಿ ಬಂದಿದ್ದವರೇ ಅವರಲ್ಲಿ ಅನೇಕರು.

21 ದಿನ ಕಳೆದ ಮೇಲೆ ಏನಾಯಿತು? ಆ ಮೂರು ದೇಶಗಳಲ್ಲಿ ತಂದೆ, ತಾಯಿ ಅಥವಾ ಸಾಕುತ್ತಿದ್ದವರನ್ನು ಕಳೆದುಕೊಂಡ ಮಕ್ಕಳು 16,000ಕ್ಕೂ ಹೆಚ್ಚು. ಅವರಲ್ಲಿ ಕುಟುಂಬ, ಊರು ಎರಡರ ಆಚೆಗೆ ಆಸರೆ ಹುಡುಕಬೇಕಾಗಿ ಬಂದದ್ದು ಶೇ 3ಕ್ಕಿಂತ ಕಡಿಮೆ ಮಕ್ಕಳಿಗೆ ಎಂದು ಯುನಿಸೆಫ್ 2015ರಲ್ಲಿ ಹೇಳಿತು. ಉಳಿದವರನ್ನೆಲ್ಲ ಚಿಕ್ಕಪ್ಪ, ಸೋದರತ್ತೆ, ಅಕ್ಕ, ಅಜ್ಜಿ, ನೆರೆಯವರು ಕರೆದುಕೊಂಡು ಹೋದರು. ಅಷ್ಟು ಭಯದ ನಡುವೆಯೂ.

ಇಲ್ಲಿಗೇ ನಿಲ್ಲಿಸಿ ‘ಕುಟುಂಬವೇ ಎಲ್ಲ’ ಎಂದರೆ ಅದೂ ಅರ್ಧ ಸತ್ಯವಾಗುತ್ತದೆ. ಟಾಂಜಾನಿಯಾದ ವಾಯವ್ಯ ಮೂಲೆಯ ಕಗೇರಾ ಪ್ರದೇಶದಲ್ಲಿ 1991ರಿಂದ ಗಮನಿಸಿದ ಮಕ್ಕಳನ್ನೇ 2004ರಲ್ಲಿ, ದೊಡ್ಡವರಾದ ಮೇಲೆ, ಹುಡುಕಿ ಅಳೆದರು. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡವರು ಉಳಿದವರಿಗಿಂತ ಸುಮಾರು 2 ಸೆಂಟಿಮೀಟರ್ ಗಿಡ್ಡ, ಓದಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಿಂದೆ. ಅವರಲ್ಲಿ ಹೆಚ್ಚಿನವರು ತಮ್ಮ ಕುಟುಂಬದವರ ನಡುವೆಯೇ ಬೆಳೆದಂಥವರು. ಊಟದ ತಟ್ಟೆಯಲ್ಲಿ ಕಡಿಮೆಯಾದದ್ದು ಎಲುಬಿನಲ್ಲಿ ಉಳಿದುಬಿಡುತ್ತದೆ. ಆಫ್ರಿಕಾದ ಹತ್ತು ದೇಶಗಳ ಮನೆಮನೆ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಇನ್ನೊಂದು ಅಧ್ಯಯನ, ನಂಟು ದೂರವಾದಷ್ಟೂ ಆ ಮನೆಯ ಅನಾಥ ಮಗು ಶಾಲೆಗೆ ಹೋಗುವ ಸಾಧ್ಯತೆ ಕಡಿಮೆ ಎಂದು 2004ರಲ್ಲೇ ತೋರಿಸಿತ್ತು. ದೂರದ ನೆಂಟರ ಮನೆಯಲ್ಲಿ ಉಳಿದ ಮಗುವಿಗೆ ನೀರು ಹೊರುವ, ದನ ಕಾಯುವ ಕೆಲಸ ಮೊದಲು, ಪುಸ್ತಕ ಆಮೇಲೆ. ಇದು ನಮಗೇನೂ ಗೊತ್ತಿಲ್ಲದ ಸಂಗತಿಯಲ್ಲ.

ನಂಟರು ಮಗುವನ್ನು ಬಿಡುವುದಿಲ್ಲ, ಆದರೆ ಅವರ ಕೈಯೂ ಬರಿದಾಗಿದೆ. ಹಾಗಿದ್ದರೆ ನೆರವು ಆ ಮನೆಗೆ ಹೋಗಬೇಕಿತ್ತು. ಹೋದದ್ದು ಕಟ್ಟಡಗಳಿಗೆ.

ಉಗಾಂಡಾವನ್ನೇ ನೋಡಿ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಮಕ್ಕಳ ಆಶ್ರಮಗಳಲ್ಲಿ ಇದ್ದವರು ಸಾವಿರದ ಆಸುಪಾಸು. ಮುಂದಿನ ಹದಿನೈದು ವರ್ಷಗಳಲ್ಲಿ ಆ ಸಂಖ್ಯೆ 50,000 ದಾಟಿತೆಂದು ಅಂದಾಜು. ಆ ಅವಧಿಯಲ್ಲೇ ಏಡ್ಸ್‌ಗೆ ಔಷಧಿ ಹಳ್ಳಿಗಳಿಗೆ ಬಂದು ಅಪ್ಪ ಅಮ್ಮಂದಿರು ಬದುಕಿ ಉಳಿಯತೊಡಗಿದ್ದರು. ಸಾವು ಇಳಿಯುತ್ತಿರುವಾಗ ಅನಾಥಾಲಯ ಏರುವುದಕ್ಕೆ ಕಾರಣ ಹೊರಗಿನ ಹಣ. ಒಂದು ಕಟ್ಟಡವನ್ನು ಫೋಟೊ ತೆಗೆಯಬಹುದು, ಅದಕ್ಕೆ ದಾನಿಯ ಹೆಸರು ಕೆತ್ತಿಸಬಹುದು, ರಜೆಯಲ್ಲಿ ಹೋಗಿ ಎರಡು ವಾರ ಮಕ್ಕಳ ಜೊತೆ ಆಡಿ ಬರಬಹುದು. ಗುಡ್ಡದ ಮೇಲಿನ ಒಂದು ಜೋಪಡಿಯಲ್ಲಿ ಅಜ್ಜಿಯೊಬ್ಬಳು ನಾಲ್ಕು ಮೊಮ್ಮಕ್ಕಳಿಗೆ ಗಂಜಿ ಕಾಯಿಸುವುದನ್ನು ಹಾಗೆ ತೋರಿಸಲು ಆಗುವುದಿಲ್ಲ. ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಊಟ ಹಾಕಿಸುವ ರೂಢಿ ಬೆಂಗಳೂರು, ಮೈಸೂರಿನಲ್ಲೂ ಬೇರೂರಿದೆ. ಆ ಕೊಡುಗೆಯ ಹಿಂದಿನ ಮನಸ್ಸು ನನಗೆ ಅರ್ಥವಾಗುತ್ತದೆ, ನಾನೂ ಕೊಟ್ಟಿದ್ದೇನೆ. ಆದರೆ ಊಟ, ಸಮವಸ್ತ್ರ, ಇಂಗ್ಲಿಷ್ ಶಾಲೆ ಎಲ್ಲವೂ ಒಂದು ಗೇಟಿನ ಒಳಗೆ ಮಾತ್ರ ಸಿಗುವಂತಾದರೆ, ಬಡ ತಾಯಿ ತನ್ನ ಮಗುವನ್ನು ಆ ಗೇಟಿನ ಒಳಗೆ ಬಿಡುತ್ತಾಳೆ. ಆಕೆ ಮಗುವನ್ನು ತೊರೆಯುತ್ತಿಲ್ಲ, ಶಾಲೆಗೆ ಸೇರಿಸುತ್ತಿದ್ದಾಳೆ.

ಆ ಗೇಟಿನ ಒಳಗೆ ಹೋದವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಹೊಸಬರು ಬಂದೊಡನೆ ಮೂರು ನಾಲ್ಕು ವರ್ಷದ ಮಕ್ಕಳು ಓಡಿಬಂದು ಕಾಲು ತಬ್ಬಿಕೊಳ್ಳುತ್ತಾರೆ, ಎತ್ತಿಕೋ ಎಂದು ಕೈ ಚಾಚುತ್ತಾರೆ. ಬಂದವರಿಗೆ ಕಣ್ಣು ತುಂಬುತ್ತದೆ, ‘ಎಷ್ಟು ಪ್ರೀತಿಯ ಮಕ್ಕಳು’ ಎನ್ನುತ್ತಾರೆ. ಮನೆಯಲ್ಲಿ ಬೆಳೆದ ಮೂರು ವರ್ಷದ ಮಗು ಹಾಗೆ ಮಾಡುವುದಿಲ್ಲ, ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಯಾರು ನಮ್ಮವರು, ಯಾರು ಹೊರಗಿನವರು ಎಂದು ಕಲಿಯಲು ಒಬ್ಬರಾದರೂ ದಿನವೂ ಇರಬೇಕು. ಪಾಳಿಯಲ್ಲಿ ಬದಲಾಗುವ ಆಯಾಗಳಿಂದ, ಎರಡು ವಾರಕ್ಕೆ ಬಂದು ಹೋಗುವ ಸ್ವಯಂಸೇವಕರಿಂದ ಅದು ಕಲಿಯಲು ಆಗದು. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳ ಮೇಲೆ ಹಲವು ವರ್ಷ ನಡೆದ ಅಧ್ಯಯನ ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿತು. ಎರಡು ವರ್ಷದೊಳಗೆ ಸಾಕುಮನೆ, ಅಂದರೆ ತಮ್ಮನ್ನು ಸಾಕಲು ಒಪ್ಪಿದ ಬೇರೊಂದು ಕುಟುಂಬ, ಸೇರಿದ ಮಕ್ಕಳು ಬುದ್ಧಿಯ ಬೆಳವಣಿಗೆಯಲ್ಲಿ ಚೇತರಿಸಿಕೊಂಡರು, ತಡವಾದವರಿಗೆ ಅದು ಕಷ್ಟವಾಯಿತು.

ಎಲ್ಲ ಅಧ್ಯಯನಗಳೂ ಇದೇ ಮಾತು ಹೇಳುವುದಿಲ್ಲ ಎಂಬುದನ್ನೂ ಹೇಳಬೇಕು. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಕೀನ್ಯಾ, ಟಾಂಜಾನಿಯಾ, ಇಥಿಯೋಪಿಯಾ, ಕಾಂಬೋಡಿಯಾ ಜೊತೆಗೆ ನಮ್ಮ ಹೈದರಾಬಾದ್ ಮತ್ತು ನಾಗಾಲ್ಯಾಂಡಿನಲ್ಲೂ ನಡೆಯಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಆಶ್ರಮವಾಸಿಗಳು ನೆಂಟರ ಮನೆಯವರಿಗಿಂತ ಆರೋಗ್ಯದಲ್ಲಾಗಲಿ ಕಲಿಕೆಯಲ್ಲಾಗಲಿ ಹಿಂದಿಲ್ಲ ಎಂದು ಅದು ಕಂಡಿತು. ಆಶ್ರಮ ನಡೆಸುವವರು ಇದನ್ನು ತಮ್ಮ ಪರವಾಗಿ ಎತ್ತಿ ತೋರಿಸುತ್ತಾರೆ. ನನಗೆ ಅದು ಬೇರೆಯದನ್ನೇ ಹೇಳುತ್ತದೆ. ಕೈ ಬರಿದಾದ ಮನೆಯನ್ನು ಹಣವಿರುವ ಆಶ್ರಮದ ಜೊತೆ ಹೋಲಿಸಿದಾಗಲೂ ಎರಡೂ ಸಮನಾಗಿ ನಿಂತರೆ, ಆಶ್ರಮಕ್ಕೆ ಹೋಗುತ್ತಿರುವ ಹಣದಲ್ಲಿ ಸ್ವಲ್ಪ ಆ ಮನೆಗೆ ಬಂದರೆ ಏನಾಗಬಹುದು? ಅದೇ ಕಗೇರಾದಲ್ಲಿ 1990ರ ದಶಕದಲ್ಲಿ ಒಂದು ಮಗುವನ್ನು ಆಶ್ರಮದಲ್ಲಿ ಸಾಕಲು ವರ್ಷಕ್ಕೆ 1,000 ಡಾಲರಿಗೂ ಹೆಚ್ಚು ಖರ್ಚಾಗುತ್ತಿತ್ತು, ಸಾಕುಮನೆಗಿಂತ ಸುಮಾರು ಆರು ಪಟ್ಟು.

ಹಣ ಗೇಟಿನ ಬಳಿ ನಿಂತಾಗ ಅಲ್ಲಿಗೆ ದಲ್ಲಾಳಿಗಳೂ ಬರುತ್ತಾರೆ. ಉಗಾಂಡಾದಲ್ಲಿ ವಿದೇಶಿಯರು ದತ್ತು ಪಡೆಯಬೇಕಾದರೆ ಮೂರು ವರ್ಷ ಆ ದೇಶದಲ್ಲಿ ಇರಬೇಕೆಂಬ ಕಾನೂನಿತ್ತು. ಅದನ್ನು ತಪ್ಪಿಸಲು ‘ಪೋಷಕತ್ವ’ದ ಆದೇಶ ಪಡೆದು ಮಕ್ಕಳನ್ನು ಹೊರಗೆ ಕರೆದೊಯ್ಯುವ ದಾರಿ ತೆರೆದುಕೊಂಡಿತು. 2016ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಹಳ್ಳಿಯ ತಂದೆತಾಯಿಗಳಿಗೆ ಮಗುವನ್ನು ಓದಿಸುತ್ತೇವೆಂದು ಹೇಳಿ ಅನಾಥ ಎಂದು ದಾಖಲೆ ಸೃಷ್ಟಿಸಿದ ಜಾಲಕ್ಕಾಗಿ ಅಮೆರಿಕ 2020ರ ಆಗಸ್ಟ್‌ನಲ್ಲಿ ಉಗಾಂಡಾದ ಇಬ್ಬರು ನ್ಯಾಯಾಧೀಶರು, ಒಬ್ಬ ವಕೀಲೆ ಮತ್ತು ಆಕೆಯ ಸಹಚರನ ಮೇಲೆ ನಿರ್ಬಂಧ ಹೇರಿತು. ಇಥಿಯೋಪಿಯಾದಿಂದ 2010ರ ಒಂದೇ ವರ್ಷದಲ್ಲಿ ಅಮೆರಿಕಕ್ಕೆ ದತ್ತು ಹೋದ ಮಕ್ಕಳು ಸುಮಾರು 2,500. 2018ರ ಜನವರಿಯಲ್ಲಿ ಆ ದೇಶ ವಿದೇಶಿ ದತ್ತನ್ನೇ ನಿಷೇಧಿಸಿತು.

ಮಕ್ಕಳನ್ನು ಆಶ್ರಮದಿಂದ ಮನೆಗೆ ಮರಳಿಸಲು ಸಾಧ್ಯವೇ ಎಂಬ ಅನುಮಾನ ಇರುವವರು ರುವಾಂಡಾದ ಕಡೆ ನೋಡಬೇಕು. 1994ರ ನರಮೇಧದ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ಸುಮಾರು 95,000 ಮಕ್ಕಳು ಅನಾಥರಾದರೆಂದು ಯುನಿಸೆಫ್ ಅಂದಾಜಿಸಿತು. ಗಡಿಯಾಚೆ ಈಗಿನ ಕಾಂಗೋ ದೇಶದಲ್ಲಿರುವ ಗೋಮಾದ ನಿರಾಶ್ರಿತರ ಶಿಬಿರಗಳಲ್ಲಿ ತಮ್ಮ ಹೆಸರನ್ನೂ ಹೇಳಲಾಗದಷ್ಟು ಚಿಕ್ಕ ಮಕ್ಕಳಿದ್ದರು. ಅವರ ಮುಖದ ಫೋಟೊ ತೆಗೆದು, ಸಂಖ್ಯೆ ಹಾಕಿ, ಹಲಗೆಗಳ ಮೇಲೆ ಸಾಲಾಗಿ ಅಂಟಿಸಿ ಜನ ಸೇರುವಲ್ಲಿ ನಿಲ್ಲಿಸಿದರು. ಮಕ್ಕಳನ್ನು ಕಳೆದುಕೊಂಡವರು ಹಲಗೆಯಿಂದ ಹಲಗೆಗೆ ನಡೆಯುತ್ತ ಒಂದೊಂದು ಮುಖವನ್ನೂ ನೋಡುತ್ತಿದ್ದರು. ಹಾಗೆ ಗುರುತು ಹಿಡಿದು ಮನೆ ಸೇರಿದ ಮಕ್ಕಳಿದ್ದಾರೆ.

ಗುರುತು ಹಿಡಿಯುವವರೇ ಉಳಿಯದ ಮನೆಗಳಲ್ಲಿ ಮಕ್ಕಳೇ ಯಜಮಾನರಾದರು. ಹದಿಮೂರು ಹದಿನಾಲ್ಕರ ಹುಡುಗಿ ತಮ್ಮ ತಂಗಿಯರನ್ನು ಸಾಕುವ ಅಂಥ ಮನೆಗಳು ಹತ್ತಾರು ಸಾವಿರ ಇದ್ದವು. ಅವಳಿಗೆ ಅನ್ನಕ್ಕಿಂತ ದೊಡ್ಡ ಚಿಂತೆ ಹೊಲದ್ದು. ಹಳೆಯ ಕಟ್ಟಳೆಯಲ್ಲಿ ಭೂಮಿ ಗಂಡುಮಕ್ಕಳಿಗೆ ಹೋಗುತ್ತಿತ್ತು. ಅಪ್ಪನ ಹೊಲವನ್ನು ದೂರದ ಚಿಕ್ಕಪ್ಪನೋ ನೆರೆಯವನೋ ಉಳುತ್ತಿದ್ದರೆ ಅವಳು ಕೇಳುವಂತಿರಲಿಲ್ಲ. 1999ರ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೂ ಸಮಾನ ಪಾಲು ಕೊಟ್ಟಿತು. ಮಕ್ಕಳ ರಕ್ಷಣೆಯ ಬಗ್ಗೆ ಮಾತಾಡುವವರು ಇದನ್ನು ಆಸ್ತಿ ಕಾನೂನು ಎಂದು ಪಕ್ಕಕ್ಕೆ ಇಡುತ್ತಾರೆ. ನನ್ನ ಮಟ್ಟಿಗೆ ಆ ದೇಶ ತನ್ನ ಅನಾಥ ಹೆಣ್ಣುಮಕ್ಕಳಿಗೆ ಮಾಡಿದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

2012ರಲ್ಲಿ ದೇಶದ ಆಶ್ರಮಗಳನ್ನು ಎಣಿಸಿದಾಗ 33 ಕಡೆ 3,323 ಮಕ್ಕಳು ಮತ್ತು ಯುವಕರು ಇದ್ದರು. ನರಮೇಧ ಮುಗಿದು ಹದಿನೆಂಟು ವರ್ಷವಾಗಿತ್ತು. ಅಂದರೆ ಒಳಗಿದ್ದ ಹೆಚ್ಚಿನ ಮಕ್ಕಳು ಆ ರಕ್ತಪಾತ ಕಳೆದ ಮೇಲೆ ಹುಟ್ಟಿದವರು, ಬಡತನ ಅಲ್ಲಿಗೆ ತಳ್ಳಿದವರು. ಮರುವರ್ಷ ಸರ್ಕಾರ ‘ತುಬಾರೆರೆರೆ ಮು ಮುರ್ಯಾಂಗೊ’ ಎಂಬ ಕಾರ್ಯಕ್ರಮ ಹೂಡಿತು. ‘ಮಕ್ಕಳನ್ನು ಕುಟುಂಬದಲ್ಲೇ ಬೆಳೆಸೋಣ’ ಎಂದರ್ಥ. ಮಗುವನ್ನು ವ್ಯಾನಿನಲ್ಲಿ ಕೂರಿಸಿ ಊರಿಗೆ ಬಿಟ್ಟು ಬರುವ ಕೆಲಸವಲ್ಲ ಇದು. ಮೊದಲು ನೆಂಟರನ್ನು ಹುಡುಕಬೇಕು, ಅವರು ಸಾಕುವ ಸ್ಥಿತಿಯಲ್ಲಿದ್ದಾರೆಯೇ ನೋಡಬೇಕು, ಮಗು ನಾಲ್ಕು ಸಲ ಹೋಗಿ ಬಂದು ಒಗ್ಗಿಕೊಳ್ಳಬೇಕು. ನೆಂಟರು ಇಲ್ಲದಿದ್ದರೆ ‘ಮಲಾಯಿಕಾ ಮುರಿಂಝಿ’ ಎಂದು ಕರೆಯುವ ಸಾಕುತಾಯಂದಿರು ಇದ್ದಾರೆ. ಕಾಯುವ ದೇವತೆ ಎಂಬುದು ಆ ಹೆಸರಿನ ಅರ್ಥ. ಪ್ರತಿ ಹಳ್ಳಿಗೆ ಒಬ್ಬ ಗಂಡಸು ಒಬ್ಬ ಹೆಂಗಸಿನಂತೆ ‘ಕುಟುಂಬದ ಗೆಳೆಯರು’ ಎಂಬ ಸ್ವಯಂಸೇವಕರನ್ನು ಆರಿಸಿದರು, ದೇಶದಲ್ಲೆಲ್ಲ ಸೇರಿ 29,000ಕ್ಕೂ ಹೆಚ್ಚು. ಮನೆಗೆ ಮರಳಿದ ಮಗು ಹೇಗಿದೆ ಎಂದು ಹೋಗಿ ನೋಡುವವರು ಇವರೇ. ಹೆಚ್ಚಿನ ಆಶ್ರಮಗಳು ಮುಚ್ಚಿದವು ಇಲ್ಲವೇ ಬೇರೆ ರೂಪ ಪಡೆದವು. ಕೊನೆಗೂ ಒಳಗೆ ಉಳಿದುಕೊಂಡದ್ದು ಅಂಗವಿಕಲ ಮಕ್ಕಳು. ಅವರಿಗೆ ಮನೆ ಸಿಗುವುದು ಅಲ್ಲಿಯೂ ಕಷ್ಟ.

ಅವಸರದಲ್ಲಿ ಇದೇ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದನ್ನು ಕೀನ್ಯಾ 2020ರ ಮಾರ್ಚ್‌ನಲ್ಲಿ ಕಂಡಿತು. ಕೊರೊನಾ ಭಯಕ್ಕೆ ಆಶ್ರಮದ ಸಾವಿರಾರು ಮಕ್ಕಳನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿದರು, ಮನೆಯವರಿಗೆ ಸಿದ್ಧತೆಯೇ ಇರಲಿಲ್ಲ. ಆದರೂ ಆ ದೇಶದ ದಿಕ್ಕು ಸರಿಯಾಗಿಯೇ ಇದೆ. 2017ರ ನವೆಂಬರ್‌ನಿಂದ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿದರು. 2022ರ ಮಕ್ಕಳ ಕಾಯ್ದೆ ನೆಂಟರ ಆರೈಕೆಗೂ, ಮಗುವಿನ ವಂಶದ ಹೆಸರು ಬದಲಿಸದೆ ಸಾಕಿಕೊಳ್ಳುವ ಮುಸ್ಲಿಂ ಕುಟುಂಬಗಳ ‘ಕಫಾಲಾ’ ಪದ್ಧತಿಗೂ ಮಾನ್ಯತೆ ಕೊಟ್ಟಿತು. ಅದಕ್ಕಿಂತ ಮುಖ್ಯವಾದದ್ದು ಹಣ. 2004ರಲ್ಲಿ 500 ಮನೆಗಳಿಗೆ ತಿಂಗಳಿಗೆ 500 ಶಿಲಿಂಗ್ ಕೊಟ್ಟು ನೋಡಿದ ಪ್ರಯೋಗ ಬೆಳೆದು, ಅನಾಥ ಮಕ್ಕಳನ್ನು ಸಾಕುವ ಮೂರೂವರೆ ಲಕ್ಷದಷ್ಟು ಬಡ ಮನೆಗಳಿಗೆ ತಿಂಗಳಿಗೆ 2,000 ಶಿಲಿಂಗ್ ಮಾಸಾಶನವಾಯಿತು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದ 4,000. ಅದರಲ್ಲಿ ಮೆಕ್ಕೆಜೋಳದ ಹಿಟ್ಟು, ಶಾಲೆಯ ಸಮವಸ್ತ್ರ, ಸೀಮೆಎಣ್ಣೆ ಆಗಬೇಕಿತ್ತು. ಈ ಮಾಸಾಶನ ಬರುವ ಮನೆಗಳ ಹದಿಹರೆಯದವರು ಲೈಂಗಿಕ ಸಂಬಂಧಕ್ಕೆ ಬೇಗ ಸಿಲುಕುವ ಸಂಭವ ಶೇ 31ರಷ್ಟು ಕಡಿಮೆ ಎಂದು ಅಧ್ಯಯನ ತೋರಿಸಿತು. ಎಚ್‌ಐವಿ ಹರಡಿದ ನಾಡಿನಲ್ಲಿ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇಸರದ ಸಂಗತಿಯೆಂದರೆ, ಆ 2,000 ಹತ್ತು ವರ್ಷಕ್ಕೂ ಹೆಚ್ಚು ಕಾಲ 2,000ವೇ ಆಗಿ ಉಳಿಯಿತು, ಹಿಟ್ಟಿನ ಬೆಲೆ ಹಾಗೆ ಉಳಿಯಲಿಲ್ಲ.

ದಕ್ಷಿಣ ಆಫ್ರಿಕಾದ ಕತೆ ಇನ್ನೂ ಪಾಠದ್ದು. ಅಲ್ಲಿ ಅಜ್ಜಿಯನ್ನು ‘ಗೋಗೊ’ ಎನ್ನುತ್ತಾರೆ. ಏಡ್ಸ್ ಮಗಳನ್ನು ಕೊಂಡೊಯ್ದ ಮೇಲೆ ಗೋಗೊ ಮೊಮ್ಮಕ್ಕಳನ್ನು ಎದೆಗೆ ಅವುಚಿಕೊಂಡಳು. ಅವಳಿಗೆ ಎರಡು ಬಗೆಯ ಸರ್ಕಾರಿ ಮಾಸಾಶನ ಎಟಕುವಂತಿತ್ತು. 1998ರಲ್ಲಿ 100 ರ‍್ಯಾಂಡ್‌ನಿಂದ ಶುರುವಾದ ಬಡ ಮಕ್ಕಳ ಮಾಸಾಶನ ಒಂದು, ಮಗುವನ್ನು ಯಾರು ಸಾಕುತ್ತಾರೋ ಅವರು ಅರ್ಜಿ ಹಾಕಿದರೆ ಸಾಕು. ಇನ್ನೊಂದು ಸಾಕುಪೋಷಕರದ್ದು, ಮೊತ್ತ ಹೆಚ್ಚು, ಆದರೆ ನ್ಯಾಯಾಲಯದ ಆದೇಶ ಬೇಕು. ಸ್ವಂತ ಮೊಮ್ಮಗುವಿಗೆ ತಾನು ‘ಸಾಕುಪೋಷಕಿ’ ಎಂದು ಬರೆಸಿಕೊಳ್ಳಲು ಗೋಗೊಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸಮಾಜ ಕಾರ್ಯಕರ್ತರ ವರದಿ, ಮ್ಯಾಜಿಸ್ಟ್ರೇಟರ ಸಹಿ, ಎರಡು ವರ್ಷಕ್ಕೊಮ್ಮೆ ನವೀಕರಣ. ಇಂಥ ಪ್ರಕರಣಗಳು ಐದು ಲಕ್ಷ ಮುಟ್ಟಿದಾಗ ವ್ಯವಸ್ಥೆ ಕುಸಿಯಿತು. ಆದೇಶಗಳ ಅವಧಿ ಮುಗಿದು ಮಾಸಾಶನ ನಿಂತವು. ಸಮಾಜ ಕಾರ್ಯಕರ್ತರು ಅಜ್ಜಿಯರ ಕಡತ ನವೀಕರಿಸುವುದರಲ್ಲೇ ಮುಳುಗಿದಾಗ, ಹೊಡೆತ ತಿನ್ನುತ್ತಿದ್ದ, ನಿಜಕ್ಕೂ ನ್ಯಾಯಾಲಯದ ರಕ್ಷಣೆ ಬೇಕಿದ್ದ ಮಕ್ಕಳ ಮನೆಗೆ ಹೋಗಲು ಅವರಿಗೆ ಬಿಡುವೇ ಇರಲಿಲ್ಲ. 2011ರಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಆದೇಶಗಳ ಅವಧಿ ವಿಸ್ತರಿಸಿ ಮಾಸಾಶನ ಉಳಿಸಿತು, ಆಮೇಲೆ ಮತ್ತೆ ಮತ್ತೆ ವಿಸ್ತರಿಸಬೇಕಾಯಿತು.

ಪರಿಹಾರ ಬಂದದ್ದು 2022ರ ಜೂನ್‌ನಲ್ಲಿ. ಅನಾಥ ಮಗುವನ್ನು ಸಾಕುವ ನೆಂಟರಿಗೆ ಆಗಿನ 480 ರ‍್ಯಾಂಡ್ ಮಾಸಾಶನದ ಮೇಲೆ 240 ಸೇರಿಸಿ 720 ಕೊಡುವುದು, ನ್ಯಾಯಾಲಯದ ಗೊಡವೆ ಬೇಡ, ಮರಣ ಪ್ರಮಾಣಪತ್ರದಂಥ ದಾಖಲೆ ಸಾಕು. ಸಾಕುಪೋಷಕರ ಮಾಸಾಶನ ಆಗ 1,070 ಇತ್ತು, ಆದ್ದರಿಂದ ಇದು ಕಡಿಮೆಯೇ. ಆ ಕಡಿಮೆಯನ್ನು ನಾನು ಒಪ್ಪುವುದಿಲ್ಲ. ಆದರೆ ಅಜ್ಜಿಯನ್ನು ಅಜ್ಜಿಯಾಗಿಯೇ ಗುರುತಿಸಿ, ಮೊಮ್ಮಗುವನ್ನು ಸಾಕಲು ಅವಳು ಯಾರ ಅನುಮತಿಯನ್ನೂ ಬೇಡಬೇಕಿಲ್ಲ ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು.

ಈಗ ಇದೆಲ್ಲ ಮತ್ತೆ ತುರ್ತಿನ ವಿಷಯವಾಗಿದೆ. ಏಡ್ಸ್ ವಿರುದ್ಧದ ಅಮೆರಿಕದ ಪೆಪ್‌ಫಾರ್ ಯೋಜನೆ 2003ರಲ್ಲಿ ಹುಟ್ಟಿದಾಗಲೇ ಅದರ ಹಣದಲ್ಲಿ ಶೇ 10 ಅನಾಥ ಮತ್ತು ಅಪಾಯದಲ್ಲಿರುವ ಮಕ್ಕಳಿಗೆ ಮೀಸಲು ಎಂದು ಕಾನೂನಿನಲ್ಲಿ ಬರೆದಿದ್ದರು. ಮಕ್ಕಳು ಮತ್ತು ಅವರನ್ನು ಸಾಕುವವರು ಸೇರಿ 60 ಲಕ್ಷಕ್ಕೂ ಹೆಚ್ಚು ಜನರಿಗೆ ಅದು ತಲುಪುತ್ತಿತ್ತು. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ ಹೊತ್ತಿಗೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಜೀವ ಉಳಿಸುವ ಔಷಧಿಗೆ ವಿನಾಯಿತಿ ಕೊಟ್ಟೆವು ಎಂದರು. ಆದರೆ ಸೋಂಕಿರುವ ಏಳು ವರ್ಷದ ಮಗುವಿನ ಮನೆಗೆ ವಾರಕ್ಕೊಮ್ಮೆ ನಡೆದು ಬಂದು, ಮಾತ್ರೆ ತಿಂದೆಯಾ, ಶಾಲೆಗೆ ಹೋದೆಯಾ ಎಂದು ಕೇಳಿ, ಅಜ್ಜಿಗೆ ಆಸ್ಪತ್ರೆಯ ದಿನಾಂಕ ನೆನಪಿಸಿ ಹೋಗುವ ಊರಿನದೇ ಹೆಂಗಸಿನ ಸಂಬಳ ಔಷಧಿಯ ಲೆಕ್ಕದಲ್ಲಿ ಬರುವುದಿಲ್ಲ. ಗುಳಿಗೆ ಡಬ್ಬಿ ಆರೋಗ್ಯ ಕೇಂದ್ರದ ಕಪಾಟಿನಲ್ಲಿದ್ದರೂ ಮಗುವಿನ ಬಾಯಿಗೆ ಬೀಳುವುದು ಅವಳಿಂದ.

ಇಲ್ಲಿ ಎರಡು ಬಗೆಯ ದೇಶಗಳ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಹೊರಗಿನವರ ಹಣದ ಮೇಲೆ ನಿಂತ ಮನೆಭೇಟಿ, ಆಪ್ತಸಲಹೆ, ಶಾಲಾ ಶುಲ್ಕದ ನೆರವು ಒಂದು ಸುತ್ತೋಲೆಗೆ ನಿಂತವು. ತನ್ನದೇ ತೆರಿಗೆಯಿಂದ ಕೊಡುವ ದಕ್ಷಿಣ ಆಫ್ರಿಕಾದ ಮಕ್ಕಳ ಮಾಸಾಶನ ನಿಲ್ಲಲಿಲ್ಲ. ಅಲ್ಲಿ ತಿಂಗಳ ಮೊದಲ ವಾರದಲ್ಲಿ ಗೋಗೊ ಈಗಲೂ ಕಾರ್ಡ್ ಹಿಡಿದು ಅಂಗಡಿಗೆ ಹೋಗುತ್ತಾಳೆ, ಹಣ ಬಂದಿರುತ್ತದೆ, ಮೆಕ್ಕೆಜೋಳದ ಹಿಟ್ಟಿನ ಚೀಲ ಮನೆಗೆ ಬರುತ್ತದೆ.